ಮೇಲಿರಬೇಕಾದ ಕಂಬಿ

"ಮುಟ್ಟಬೇಡ. ಬರೀ ನೋಡು."

ಅತ್ತಿಗೆ ಹೀಗೆ ಹೇಳುವ ಹೊತ್ತಿಗೆ ನಾನು ಮುಟ್ಟಿ ಆಗಿತ್ತು. ಕಾಂಕ್ರೀಟಿನ ಚೂಪು ಅಂಗೈ ತರಚಿತು. ಅವರು ಅದನ್ನೂ ನೋಡಿದರು, ಏನೂ ಅನ್ನಲಿಲ್ಲ. ಅನ್ನದಿರುವುದು ಅವರ ಬೈಗುಳದಲ್ಲಿ ಎಲ್ಲಕ್ಕಿಂತ ದೊಡ್ಡದು.

ಇಪ್ಪತ್ತೆರಡು ವರ್ಷ ಕಟ್ಟಡಗಳ ನಕ್ಷೆ ಬರೆದು, ಈಗ ಕಟ್ಟಡ ಯಾಕೆ ಬಿರುಕು ಬಿಟ್ಟಿತು, ಯಾಕೆ ಕುಸಿಯಿತು ಎಂದು ಪತ್ತೆ ಹಚ್ಚುವ ನನ್ನ ಅತ್ತಿಗೆಗೆ ಮೇಸ್ತ್ರಿಗಳು ಇಟ್ಟ ಹೆಸರು 'ಬಿರುಕಮ್ಮ'. ನಾನು ಅವರ ಮೈದುನ. ಟೇಪು ಹಿಡಿಯುವುದು, ಚೀಲ ಹೊರುವುದು, ಬೈಸಿಕೊಳ್ಳುವುದು ನನ್ನ ಕೆಲಸ. ಕೊನೆಯದನ್ನು ಎಂದೂ ತಪ್ಪಿಸಿಲ್ಲ.

ನಾವು ನಿಂತಿದ್ದು ಹೊಸ ಗ್ರಂಥಾಲಯದ ಮುಂಬಾಗಿಲಿನಲ್ಲಿ. ಬಾಗಿಲ ಮೇಲೆ ಗೋಡೆಯಿಂದ ಆರಡಿ ಹೊರಕ್ಕೆ ಚಾಚಿದ್ದ ಸಜ್ಜಾ ಎಂಟು ದಿನದ ಹಿಂದೆ, ಆಸರೆಗೆ ಕೊಟ್ಟಿದ್ದ ಬೊಂಬುಗಳನ್ನು ತೆಗೆದ ಗಳಿಗೆಯಲ್ಲೇ ಕಳಚಿ ಬಿದ್ದಿತ್ತು. ಬಡಗಿಯೊಬ್ಬನ ಕಾಲು ಮುರಿದಿತ್ತು. ಒಡೆದ ತುಂಡುಗಳಲ್ಲಿ ಕಂಬಿಗಳು ಇರಬಾರದ ಕಡೆ, ತಳದಲ್ಲಿ ಕಂಡವು. ಅಷ್ಟು ಸಾಕಾಯಿತು. ತಪ್ಪೆಲ್ಲ ಕಂಬಿ ಕಟ್ಟಿದ ಮೇಸ್ತ್ರಿಯದು ಎಂದು ಗುತ್ತಿಗೆದಾರರು ಸಾರಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಎಲ್ಲೂ ಬರವಿಲ್ಲ.

ಹನ್ನೊಂದೂವರೆಗೆ ಮೂವರ ಸಮಿತಿ ಬಂದು ವರದಿಗೆ ಸಹಿ ಹಾಕುವುದಿತ್ತು. ಸಹಿ ಬಿದ್ದರೆ ಮೂವತ್ತು ವರ್ಷ ಕಂಬಿ ಕಟ್ಟಿದ ಮನುಷ್ಯನ ಮೇಲೆ ಪೊಲೀಸ್ ಕೇಸು. ಇನ್ನು ಯಾವ ಕಟ್ಟಡದ ಗೇಟೂ ಅವರಿಗೆ ತೆರೆಯುವುದಿಲ್ಲ. ಆಗ ಹತ್ತೂವರೆ.

ಮೇಸ್ತ್ರಿ ನಮ್ಮ ಪಕ್ಕದಲ್ಲೇ ಇದ್ದರು. ಅವರನ್ನು ಒಳಗೆ ಬಿಡಬಾರದೆಂದು ಕಟ್ಟಪ್ಪಣೆ ಇತ್ತು. ಆದರೆ ಕಾವಲುಗಾರನಿಗೆ ಆ ಗಳಿಗೆಯಲ್ಲೇ ಆಕಾಶದಲ್ಲಿ ಏನೋ ಬಹಳ ಮುಖ್ಯವಾದದ್ದು ಕಂಡಿತ್ತು. ಮೇಸ್ತ್ರಿಯ ಹೆಂಡತಿಯೂ ಜೊತೆಗೆ ಬಂದಿದ್ದರು. ನಮ್ಮ ಮನೆ ಬಾಗಿಲಿಗೆ ಬಂದು, "ನಮ್ಮ ಮನೆಯವರು ಹೀಗೆ ಮಾಡೋ ಮನುಷ್ಯ ಅಲ್ಲ, ನೀವೇ ನೋಡಿ ಹೇಳಿ" ಎಂದು ಈ ಕೇಸು ಒಪ್ಪಿಸಿದವರು ಅವರೇ. ಬಿಸಿಲು ತಡೆಯದೆ, ಮಕ್ಕಳ ವಿಭಾಗಕ್ಕೆ ಹೋಗುವ ಪಕ್ಕದ ಬಾಗಿಲ ಕಡೆ ನೆರಳು ಹುಡುಕಿಕೊಂಡು ಹೋಗಿದ್ದರು. ಅಲ್ಲೂ ಇಂಥದ್ದೇ ಸಜ್ಜಾ. ಒಂದೇ ದಿನ ಹಾಕಿದ್ದು, ಅದೇ ಮೇಸ್ತ್ರಿ ಕಟ್ಟಿದ್ದು. ಅದು ಇನ್ನೂ ಬೊಂಬುಗಳ ಮೇಲೇ ನಿಂತಿತ್ತು.

"ಅತ್ತಿಗೆ, ನನಗೊಂದು ಅರ್ಥವಾಗಿಲ್ಲ," ಎಂದೆ. "ಬೀಮು, ಪಿಲ್ಲರು, ಲಿಂಟಲು, ಎಲ್ಲದರಲ್ಲೂ ಕಂಬಿ ಇರುತ್ತೆ. ಇದ್ದರಾಯ್ತಲ್ಲ? ಮೇಲಿದ್ದರೇನು, ಕೆಳಗಿದ್ದರೇನು?"

"ಕೈ ಚಾಚು."

ಚಾಚಿದೆ. ಅವರು ಇಟ್ಟಿಗೆ ತುಂಬಿದ ಬಾಂಡ್ಲಿಯನ್ನು ನನ್ನ ಮಣಿಕಟ್ಟಿಗೆ ನೇತುಹಾಕಿದರು.

"ಎಲ್ಲಿ ಎಳೀತಿದೆ?"

"ಹೆಗಲ ಮೇಲ್ಗಡೆ. ಅಯ್ಯೋ, ತೆಗೀರಿ!"

"ಅದೇ ಸಜ್ಜಾ. ಒಂದು ಕಡೆ ಮಾತ್ರ ಹಿಡಿತ, ಇನ್ನೊಂದು ತುದಿ ಗಾಳೀಲಿ. ಎಳೆತ ಎಲ್ಲ ಮೇಲ್ಭಾಗಕ್ಕೆ. ಎಳೆತ ತಡೆಯೋ ಶಕ್ತಿ ಕಾಂಕ್ರೀಟಿಗಿಲ್ಲ, ಕಂಬಿಗಿದೆ. ಹಾಗಾಗಿ ಕಂಬಿ ಮೇಲಿರಬೇಕು. ಈಗ ನಿನ್ನ ಕೈಯ ತುದಿಗೆ ನಾನೊಂದು ಕೋಲು ಕೊಟ್ಟು ನಿಲ್ಲಿಸಿದೆ ಅಂದ್ಕೋ. ಎರಡು ಕಡೆ ಆಸರೆ ಆಯ್ತು. ಆಗ ನಡು ಕೆಳಕ್ಕೆ ಜಗ್ಗುತ್ತೆ, ಎಳೆತ ತಳಕ್ಕೆ ಬರುತ್ತೆ. ಮನೆಯ ಮಾಮೂಲಿ ತಾರಸಿ ಹಾಗೆ. ಅಲ್ಲಿ ಕಂಬಿ ಕೆಳಗೆ."

"ಹಾಗಾದರೆ ನಾನು ಬೀಮೋ, ಪಿಲ್ಲರೋ?"

"ಬೀಮು ಮಲಗಿರುತ್ತೆ, ಪಿಲ್ಲರು ನಿಂತಿರುತ್ತೆ. ನೀನು ಯಾವಾಗ ನೋಡಿದ್ರೂ ಎಲ್ಲಿಗಾದರೂ ಒರಗಿಕೊಂಡಿರ್ತೀಯ."

ಮೇಸ್ತ್ರಿಯ ಮುಖದಲ್ಲಿ ನಗು ಬಂದ ಹಾಗಾಯಿತು, ಬರಲಿಲ್ಲ. ಆ ಮನುಷ್ಯ ಎಂಟು ದಿನದಿಂದ ಹೇಳಿದ್ದು ಒಂದೇ ಮಾತು. ನಾನು ಸರಿಯಾಗಿ ಕಟ್ಟಿದ್ದೆ. ಮತ್ತೆ ಯಾರು ಕೆಡಿಸಿದರು ಎಂದರೆ ನೆಲ ನೋಡುತ್ತಿದ್ದರು. ತಪ್ಪಿಲ್ಲದವನು ಯಾಕೆ ನೆಲ ನೋಡುತ್ತಾನೆ ಎಂಬುದೇ ನನ್ನನ್ನು ಕಾಡುತ್ತಿತ್ತು.

ಅತ್ತಿಗೆ ಬಗ್ಗಿ ದೊಡ್ಡ ತುಂಡೊಂದನ್ನು ಸನ್ನೆಕೋಲಿನಿಂದ ಮಗುಚಿದರು. ತಳದಲ್ಲಿ ಕಂಬಿಗಳ ಸಾಲು ಗೆರೆಗೆರೆಯಾಗಿ ಹೊರಗೇ ಕಾಣುತ್ತಿತ್ತು. ಹಲಗೆಯ ಮೇಲೆ ನೇರವಾಗಿ ಮಲಗಿದ್ದ ಕಂಬಿಗಳು.

"ಮೇಸ್ತ್ರಿ, ನಿಮ್ಮ ಮನೆಯವರು ಸಿಮೆಂಟಿನ ಬಿಲ್ಲೆ ಮಾಡ್ತಾರಲ್ಲ, ಎಷ್ಟು ವರ್ಷದಿಂದ?"

"ಮದುವೆ ಆದಾಗಿನಿಂದ ಅಮ್ಮ. ಕಂಬಿ ಹಲಗೆಗೆ ತಾಗಬಾರದು ಅಂತ ಅಡಿಗೆ ಇಡೋಕೆ. ಬೇರೆ ಕಡೆದು ನಾನು ಮುಟ್ಟಲ್ಲ."

"ಕೇಳಿಸ್ಕೋ," ಎಂದು ಅತ್ತಿಗೆ ನನ್ನ ಕಡೆ ತಿರುಗಿದರು. "ಇವರು ತಲೆ ಕೆಟ್ಟು ಕಂಬಿಯನ್ನ ತಳದಲ್ಲೇ ಹಾಕಿದ್ರು ಅಂತ ಇಟ್ಕೋ. ಆಗಲೂ ಅಡಿಗೆ ಬಿಲ್ಲೆ ಇಡ್ತಿದ್ರು. ಇಲ್ಲಿ ಒಂದೇ ಒಂದು ಬಿಲ್ಲೆ ತೋರಿಸು."

ಮೂರು ತುಂಡು ಮಗುಚಿದೆವು. ಒಂದೂ ಇಲ್ಲ.

"ಕಂಬಿ ಕಟ್ಟೋನು ಕೆಳಗೆ ಹಾಕಿದ್ದಲ್ಲ ಇದು. ಮೇಲಿದ್ದದ್ದು ಕೆಳಗೆ ಬಿದ್ದದ್ದು."

ಕಂಬಿಯನ್ನು ಮೇಲೆ ನಿಲ್ಲಿಸಲು ಮೇಸ್ತ್ರಿಗಳು ಕಂಬಿಯ ತುಂಡನ್ನೇ ಬಗ್ಗಿಸಿ ಕಾಲುಗಳನ್ನು ಮಾಡುತ್ತಾರೆ. ಅದಕ್ಕೆ ಚೇರು ಎನ್ನುತ್ತಾರೆ. ಮುಂಬಾಗಿಲಿಗೆ ಹನ್ನೆರಡು, ಪಕ್ಕದ ಬಾಗಿಲಿಗೆ ಎಂಟು ಚೇರು ಕೂರಿಸಿ ಕಟ್ಟಿದ್ದನ್ನು ಸೈಟ್ ಇಂಜಿನಿಯರು ಕಾಂಕ್ರೀಟ್ ಹಾಕುವ ಹಿಂದಿನ ಸಂಜೆಯೇ ನೋಡಿ ರಿಜಿಸ್ಟರಿನಲ್ಲಿ ಬರೆದಿದ್ದರು; ಅತ್ತಿಗೆಯ ಹೊರತು ಆ ಪುಟವನ್ನು ಮತ್ತೆ ಯಾರೂ ತೆರೆದಿರಲಿಲ್ಲ. ಈ ರಾಶಿಯಲ್ಲಿ ಚೇರು ಒಂದೂ ಇರಲಿಲ್ಲ.

ಅತ್ತಿಗೆ ಭೂತಗನ್ನಡಿ ತೆಗೆದು ಒಡೆದ ಮುಖವನ್ನು ಒಂದೊಂದೇ ಅಂಗುಲ ನೋಡಿದರು. ಒಂದು ಕಡೆ ನಿಂತರು. ಕಂಬಿಗೆ ಸುತ್ತಿದ ಬೈಂಡಿಂಗ್ ತಂತಿಯ ಗಂಟು ಹಾಗೇ ಇತ್ತು. ಗಂಟು ಹಿಡಿದುಕೊಂಡಿದ್ದ ವಸ್ತು ಮಾತ್ರ ಇರಲಿಲ್ಲ. ತಂತಿಯ ಎರಡು ತುದಿಗಳು ಚಪ್ಪಟೆಯಾಗಿ, ನೇರವಾಗಿ ತುಂಡಾಗಿದ್ದವು.

"ಮೇಸ್ತ್ರಿ, ನಿಮ್ಮ ಹತ್ರ ಕಟಿಂಗ್ ಪ್ಲೈಯರ್ ಇದೆಯಾ?"

"ಇಲ್ಲಮ್ಮ. ಕೊಕ್ಕೆ ಒಂದೇ." ಅವರು ಸೊಂಟದಲ್ಲಿ ಸಿಕ್ಕಿಸಿದ್ದ ಕಬ್ಬಿಣದ ಕೊಕ್ಕೆ ಮುಟ್ಟಿ ತೋರಿಸಿದರು. ತಂತಿಯನ್ನು ಅದಕ್ಕೆ ಸಿಕ್ಕಿಸಿ ತಿರುವಿದರೆ ಗಂಟು, ಉಲ್ಟಾ ತಿರುವಿದರೆ ಬಿಚ್ಚಿತು. ಹೇಳಿ ಮುಗಿಸುವಷ್ಟರಲ್ಲಿ ಅವರ ದನಿ ಇಳಿದಿತ್ತು.

"ಗಾರೆಯವರ ಕೈಲಿ ಕರಣೆ, ಬಡಗಿ ಕೈಲಿ ಸುತ್ತಿಗೆ, ನಿಮ್ಮ ಕೈಲಿ ಕೊಕ್ಕೆ. ಪ್ಲೈಯರ್ ಯಾರ ಜೇಬಲ್ಲಿರುತ್ತೆ?"

"ವೈರಿಂಗಿನವರ ಜೇಬಲ್ಲಿ," ಎಂದು ನಾನು ಬಾಯಿ ಹಾಕಿದೆ. ಬಾಯಿ ಹಾಕಬಾರದಿತ್ತು.

ಮೇಸ್ತ್ರಿ ಪಾಯದ ಕಟ್ಟೆಯ ಅಂಚಿಗೆ ಕುಸಿದು ಕುಳಿತರು.

"ನೀವು ಈ ತಂತೀನ ಎಂಟು ದಿನದ ಹಿಂದೆನೇ ನೋಡಿದ್ರಿ," ಎಂದರು ಅತ್ತಿಗೆ, ಬಹಳ ಮೆತ್ತಗೆ.

"ಬಿಟ್ಬಿಡಿ ಅಮ್ಮ. ನನಗೆ ವಯಸ್ಸಾಯ್ತು. ಕೆಲಸ ಹೋದ್ರೆ ಹೋಗ್ಲಿ."

"ಯಾರು ಮೇಸ್ತ್ರಿ?"

"ಇಲ್ಲಿ ವೈರಿಂಗ್ ಮಾಡ್ತಿರೋನು ನನ್ನ ಮಗಳ ಗಂಡ."

ಓದುವ ಕೋಣೆಯಲ್ಲಿ ಅಳಿಯ ಏಣಿಯ ಮೇಲೆ ನಿಂತು ಗೋಡೆಯ ಪೈಪಿನೊಳಗೆ ವೈರು ಎಳೆಯುತ್ತಿದ್ದ. ಮೂವತ್ತರ ಒಳಗಿನ ಪ್ರಾಯ, ಕೆಲಸ ಅಚ್ಚುಕಟ್ಟು. ಗುತ್ತಿಗೆದಾರರಿಗೂ ಅವನೆಂದರೆ ಇಷ್ಟವಂತೆ. ನಮ್ಮ ಹಿಂದೆ ಮಾವನನ್ನು ಕಂಡು ಎರಡು ಮೆಟ್ಟಿಲು ಇಳಿದ, ಅಲ್ಲೇ ನಿಂತ.

"ಒಂದು ಸಣ್ಣ ಸಹಾಯ ಬೇಕಿತ್ತಪ್ಪ," ಎಂದರು ಅತ್ತಿಗೆ. "ತಂತಿಯನ್ನ ಚಪ್ಪಟೆಯಾಗಿ ಕತ್ತರಿಸೋ ಪ್ಲೈಯರ್ ಹುಡುಕ್ತಿದ್ದೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಕೈ ಹಿಂದಿನ ಜೇಬಿಗೆ ಹೋಯಿತು. ಹೋದ ಕೈ ಅಲ್ಲೇ ಉಳಿಯಿತು.

"ಎಷ್ಟು ಚೇರು?" ಅತ್ತಿಗೆಯ ದನಿ ಏರಲಿಲ್ಲ.

ಅವನು ಏಣಿಯಿಂದ ಇಳಿದ. ಸಾಮಾನಿನ ಪೆಟ್ಟಿಗೆ ತೆರೆದು, ತಳದಿಂದ ಒಂದು ಗೋಣಿಚೀಲ ಎಳೆದು ನೆಲಕ್ಕೆ ಸುರಿದ. ಹನ್ನೆರಡು ಚೇರುಗಳು ಗಣಗಣ ಎಂದವು.

"ಬಿಸಾಕೋಕೆ ಮನಸ್ಸಾಗ್ಲಿಲ್ಲ. ಇಟ್ಕೊಳ್ಳೋಕೂ ಧೈರ್ಯ ಇರ್ಲಿಲ್ಲ."

"ಯಾಕೋ?" ಎಂದರು ಮೇಸ್ತ್ರಿ. ಒಂದೇ ಶಬ್ದ.

"ಮಾವ, ವೈರಿಂಗ್ ಕಲಿಯೋಕೆ ಮುಂಚೆ ನಾಲ್ಕು ವರ್ಷ ತಾರಸಿ ಹಾಕೋ ಗ್ಯಾಂಗಲ್ಲಿ ಇದ್ದೆ. ನೋಡಿದ್ದೆಲ್ಲ ಎರಡು ಗೋಡೆ ನಡುವಿನ ತಾರಸಿ. ಕಂಬಿ ಯಾವಾಗ್ಲೂ ಕೆಳಗೆ. ಅವತ್ತು ಬೆಳಿಗ್ಗೆ ಲೈಟಿನ ಪೈಪ್ ಇಡೋಕೆ ಮೇಲೆ ಹತ್ತಿದ್ರೆ ನಿಮ್ಮ ಕಂಬಿ ಎಲ್ಲ ಮೇಲೆ ನಿಂತಿದೆ. ನೀವು ಅತ್ತೇನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ರಿ. ಕಾಂಕ್ರೀಟಿನವರು ಬರೋಕೆ ಅರ್ಧ ಗಂಟೆ ಇತ್ತು." ಅವನು ಜೇಬಿನ ಪ್ಲೈಯರ್ ತೆಗೆದು ಪೆಟ್ಟಿಗೆಯ ಮೇಲಿಟ್ಟ. "ನೀವು ಮರೆತಿದ್ದೀರ ಅಂದ್ಕೊಂಡೆ."

"ಮರೆತಿದ್ದೀನಿ?"

"ಆ ತಿಂಗಳೆಲ್ಲ ಹಾಗೇ ಇತ್ತಲ್ಲ ಮಾವ. ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕಿದ್ರಿ. ಮೊಮ್ಮಗಳನ್ನ ಎರಡು ಸಲ ಮಗಳ ಹೆಸರಲ್ಲಿ ಕರೆದ್ರಿ. ಹಿಂದಿನ ದಿನ ಸಂಜೆ ಇಲ್ಲೇ ಕೊಕ್ಕೆ ಎಲ್ಲಿಟ್ಟೆ, ಕೊಕ್ಕೆ ಎಲ್ಲಿಟ್ಟೆ ಅಂತ ಕತ್ತಲಾಗೋವರೆಗೂ ತಡಕಾಡಿದ್ರಿ. ಇಂಜಿನಿಯರ್ ನೋಡಿದ್ರೆ ಎಲ್ಲರ ಮುಂದೆ ಬೈತಾರೆ, ನಿಮ್ಮ ಮಾನ ಹೋಗುತ್ತೆ ಅಂತ ನಾನೇ ಸರಿ ಮಾಡೋಕೆ ಹೋದೆ. ಅವರು ಹಿಂದಿನ ದಿನವೇ ನೋಡಿದ್ರು ಅಂತ ನನಗೆ ಗೊತ್ತಿರ್ಲಿಲ್ಲ."

ಸರಿಯಾಗಿದ್ದದ್ದನ್ನು ಸರಿ ಮಾಡಲು ಹೊರಟವನ ಕತೆ ಇದು. ಅರ್ಧ ಕಲಿತ ಕೆಲಸಕ್ಕೆ ಪೂರ್ತಿ ಪ್ರೀತಿ ಸೇರಿದರೆ ಹೀಗಾಗುತ್ತದೆ. ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅಯ್ಯೋ ಅನ್ನಿಸಿತು.

"ಬಡಗಿ ಕಾಲು ಮುರೀತಲ್ಲೋ," ಎಂದರು ಅತ್ತಿಗೆ.

"ದಿನಾ ಸಂಜೆ ಆಸ್ಪತ್ರೆಗೆ ಹೋಗಿ ಅವನ ಪಕ್ಕ ಕೂತು ಬರ್ತೀನಿ ಮೇಡಂ. ಇವತ್ತು ಹೇಳೋಣ, ಇವತ್ತು ಹೇಳೋಣ ಅಂತ ಹೋಗ್ತೀನಿ. ಬಾಯೇ ಬರಲ್ಲ."

ಮೇಸ್ತ್ರಿ ಒಂದು ಚೇರನ್ನು ಎತ್ತಿಕೊಂಡು ಅದರ ಬಾಗನ್ನು ಹೆಬ್ಬೆರಳಿನಿಂದ ಸವರಿದರು. ನಾನು ಹೊಡೆತ ಬೀಳುತ್ತದೆ ಎಂದುಕೊಂಡೆ.

"ಕೇಳ್ಬೇಕಿತ್ತು ಕಣೋ. ಮಾವ, ಇದ್ಯಾಕೆ ಹೀಗಿದೆ ಅಂತ ಒಂದು ಮಾತು ಕೇಳ್ಬೇಕಿತ್ತು." ಅವರ ಕಣ್ಣು ತುಂಬಿತ್ತು. "ಕನ್ನಡಕ ಮರೀತೀನಿ. ಕಂಬಿ ಮರೀತೀನೇನೋ?"

ಅಳಿಯ ಅಳಲು ಶುರು ಮಾಡಿದ. ಅತ್ತು ಮುಖ ಒರೆಸಿಕೊಂಡು, "ಸಮಿತಿಯವರು ಬರ್ಲಿ. ನಾನೇ ಹೇಳ್ತೀನಿ. ಏನಾದ್ರೂ ಆಗ್ಲಿ," ಎಂದ. ಎಂಟು ದಿನದಲ್ಲಿ ಮೊದಲ ಸಲ ಮೇಸ್ತ್ರಿ ಬೆನ್ನು ನೆಟ್ಟಗೆ ಮಾಡಿದ್ದನ್ನು ನಾನು ನೋಡಿದೆ. ಕೇಸು ಮುಗಿಯಿತು, ಊಟದ ಹೊತ್ತಿಗೆ ಮನೆ ಸೇರಬಹುದು ಎಂದು ಲೆಕ್ಕ ಹಾಕಿದೆ. ನನ್ನ ಲೆಕ್ಕ ಎಂದು ಸರಿಯಾಗಿದೆ!

ಆಗ ಹೊರಗಿನಿಂದ ಸುತ್ತಿಗೆಯ ಸದ್ದು ಕೇಳಿತು. ಟಕ್, ಟಕ್. ಬೊಂಬು ನೆಲಕ್ಕೆ ಬಿದ್ದ ಸದ್ದು.

"ಪಕ್ಕದ ಸಜ್ಜಾದ ಬೊಂಬು ಬಿಚ್ತಿದ್ದಾರೆ," ಎಂದ ಅಳಿಯ. "ಅದೇ ದಿನ ಹಾಕಿದ್ದು ಗಟ್ಟಿಯಾಗಿ ನಿಂತಿದೆ ಅಂತ ಸಮಿತಿಗೆ ತೋರಿಸಿದ್ರೆ, ಸಿಮೆಂಟಲ್ಲಿ ಏನೂ ತಪ್ಪಿಲ್ಲ ಅಂತಾಗುತ್ತಂತೆ. ಗುತ್ತಿಗೆದಾರರು ಬೆಳಿಗ್ಗೆನೇ ಹೇಳಿದ್ರು."

"ತೋರಿಸ್ಲಿ ಬಿಡು," ಎಂದರು ಮೇಸ್ತ್ರಿ. "ಅದು ನಿಲ್ಲುತ್ತೆ. ನಾನು ಕಟ್ಟಿದ್ದು."

ಮಾತು ಮುಗಿದಿರಲಿಲ್ಲ. ಚಟ್ ಎಂದು ಒಂದು ಸದ್ದು ಬಂತು. ನನಗೆ ಅದೊಂದು ಸದ್ದು, ಅಷ್ಟೆ. ಮೇಸ್ತ್ರಿಯ ಕೈಯಿಂದ ಚೇರು ಬಿತ್ತು. ಐವತ್ತೆಂಟರ ಮನುಷ್ಯ ಹಾಗೆ ಓಡಿದ್ದನ್ನು ನಾನು ಕಂಡಿಲ್ಲ.

ಓದುವ ಕೋಣೆ ದಾಟಿದರೆ ಮಕ್ಕಳ ವಿಭಾಗ. ಅದರ ಬಾಗಿಲ ಹೊಸ್ತಿಲ ಮೇಲೆ, ನಮಗೆ ಬೆನ್ನು ಮಾಡಿ, ಮೇಸ್ತ್ರಿಯ ಹೆಂಡತಿ ಕಾಲು ಮಡಚಿ ಕುಳಿತಿದ್ದರು. ತಲೆಯ ಮೇಲೆ ಸಜ್ಜಾ. ಆರು ಬೊಂಬುಗಳಲ್ಲಿ ತುದಿಯ ಮೂರೂ ಬಿದ್ದಿದ್ದವು, ನಡುವಿನ ಸಾಲಿನಲ್ಲಿ ಎರಡು ಬಿದ್ದಿದ್ದವು. ಉಳಿದ ಒಂದಕ್ಕೆ ಒಬ್ಬ ಕೆಲಸಗಾರ ಹೆಗಲು ಕೊಟ್ಟು ನಿಂತಿದ್ದ. ಅವನ ಕಣ್ಣುಗುಡ್ಡೆ ಹೊರಗೆ ಬಂದಿತ್ತು. ಸಜ್ಜಾದ ಪಕ್ಕದ ಅಂಚಿನಲ್ಲಿ, ಗೋಡೆಯ ಬುಡದಲ್ಲೇ, ಮೇಲಿನಿಂದ ಕೆಳಕ್ಕೆ ಒಂದು ಬಿರುಕು ಓಡಿತ್ತು.

"ಏಳಮ್ಮ ಅಂತ ಹತ್ತು ಸಲ ಹೇಳಿದ್ವಿ," ಎಂದು ಹೊರಗಿನಿಂದ ಯಾರೋ ಕೂಗಿದರು.

"ನಮ್ಮ ಮನೆಯವರು ಕಟ್ಟಿದ್ದು ಬೀಳಲ್ಲ," ಎಂದರು ಆಕೆ, ತಿರುಗದೆ. "ಎಲ್ಲರೂ ನೋಡ್ಲಿ ಅಂತಾನೇ ಇಲ್ಲಿ ಕೂತಿದ್ದೀನಿ."

"ಏಳೇ!" ಎಂದು ಮೇಸ್ತ್ರಿ ಕಿರುಚಿದರು. "ನಾನು ಕಟ್ಟಿದ್ದು ಇದರೊಳಗೆ ಇಲ್ಲ ಕಣೇ!"

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಖಂಡಿತ ಎಲ್ಲಿಗಾದರೂ ಒರಗಿಕೊಳ್ಳುತ್ತಿದ್ದೆ. ಆಕೆಯನ್ನು ಎರಡೂ ತೋಳು ಹಿಡಿದು ಒಳಕ್ಕೆ ಎಳೆದೆ, ಇಬ್ಬರೂ ದಡಕ್ಕನೆ ನೆಲಕ್ಕೆ ಬಿದ್ದೆವು. ಸಜ್ಜಾದ ಮೂಲೆಯಿಂದ ಒಂದು ಚಕ್ಕೆ ಉದುರಿ, ಆಕೆ ಕುಳಿತಿದ್ದ ಹೊಸ್ತಿಲಿಗೇ ಬಡಿಯಿತು.

ಮೇಸ್ತ್ರಿ ಕಿಟಕಿಯ ಮೂಲಕ ಹೊರಗೆ ಹಾರಿದರು.

"ಇವನನ್ನ ಒಳಗೆ ಬಿಟ್ಟವರು ಯಾರು?" ಇದು ಗುತ್ತಿಗೆದಾರರ ದನಿ.

"ಬೊಂಬು ತನ್ನಿ! ತುದಿಗೆ! ನಡುವಿಗಲ್ಲ, ತುದಿಗೆ ಕೊಡಿ!" ಇದು ಮೇಸ್ತ್ರಿಯದು.

ಸುತ್ತಿಗೆ ಹಿಡಿದಿದ್ದವನು ಗುತ್ತಿಗೆದಾರರ ಮುಖ ನೋಡಿದ, ಮೇಸ್ತ್ರಿಯ ಮುಖ ನೋಡಿದ. ಸುತ್ತಿಗೆ ಬಿಸಾಕಿ ಬೊಂಬಿಗೆ ಕೈ ಹಾಕಿದ. ಅವನ ಹಿಂದೆ ಇನ್ನಿಬ್ಬರು. ಅವರಿಗಿಂತ ಮೊದಲು ಸಜ್ಜಾದ ಕೆಳಗೆ ನುಗ್ಗಿದವನು ಅಳಿಯ. ಬೊಂಬಿನ ಬುಡವನ್ನು ಎರಡೂ ಕಾಲಲ್ಲಿ ಒತ್ತಿ ಹಿಡಿದ. ಮೇಸ್ತ್ರಿ ಮರದ ಬೆಣೆ ಇಟ್ಟು ಹೊಡೆದರು. ಒಂದು, ಎರಡು, ಮೂರು. ಎರಡನೆಯ ಬೊಂಬು, ಮತ್ತೆ ಬೆಣೆ. ತುದಿ ಕೂದಲೆಳೆಯಷ್ಟು ಮೇಲೆದ್ದಿತು. ಬಿರುಕಿನ ಬಾಯಿ ಮುಚ್ಚಿತು.

"ಈಗ ಬಾರಪ್ಪ ಆಚೆ," ಎಂದರು ಮೇಸ್ತ್ರಿ. ಹೆಗಲು ಕೊಟ್ಟಿದ್ದವನು ಹೊರಗೆ ಬಂದು ಮಣ್ಣಿನ ಮೇಲೆ ಅಂಗಾತ ಮಲಗಿ ಆಕಾಶ ನೋಡಿ ನಕ್ಕ.

ಸಮಿತಿಯವರು ಅರ್ಧ ಗಂಟೆ ಮೊದಲೇ ಬಂದಿದ್ದರು. ಮೂವರೂ ಫೈಲು ಎದೆಗವಚಿ ನಿಂತಿದ್ದರು. ಯಾರೂ ಕರೆಯದೆಯೇ ಅಳಿಯ ಅವರ ಮುಂದೆ ಹೋಗಿ ನಿಂತ, ಮುಂಬಾಗಿಲಿನದನ್ನು ಒಂದೂ ಬಿಡದೆ ಹೇಳಿದ. ಹನ್ನೆರಡು ಚೇರು, ಪ್ಲೈಯರ್, ಆಸ್ಪತ್ರೆ, ಎಲ್ಲ. ಸಮಿತಿಯ ಹಿರಿಯರು ತೆರೆದಿದ್ದ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟರು.

"ಮೇಸ್ತ್ರಿ, ತುದಿಗೆ ಯಾಕೆ ಕೊಟ್ಟಿರಿ?" ಎಂದು ಅವರು ಕೇಳಿದರು.

"ಕಂಬಿ ತಳಕ್ಕೆ ಬಿದ್ದಿದೆ ಸ್ವಾಮಿ. ತುದಿಗೆ ಆಸರೆ ಕೊಟ್ರೆ ತಳದ ಕಂಬಿನೇ ಹೊರುತ್ತೆ. ತುದಿಗೆ ಎರಡು ಪಿಲ್ಲರ್ ನಿಲ್ಲಿಸಿದ್ರೆ ಇದನ್ನ ಒಡೆಯೋ ಅಗತ್ಯಾನೂ ಬೀಳಲಿಕ್ಕಿಲ್ಲ. ಲೆಕ್ಕ ನೀವು ನೋಡಿ. ಮಕ್ಕಳು ಬರೋ ಬಾಗಿಲು, ಪಿಲ್ಲರ್ ಇದ್ರೆ ಸುತ್ತ ಆಡ್ಕೊಳ್ತಾವೆ."

ಹಿರಿಯರು ತಲೆಯಾಡಿಸಿದರು. "ಪಿಲ್ಲರಿನ ಕಂಬಿ ನೀವೇ ಕಟ್ಟಬೇಕು," ಎಂದರು. ಮೇಸ್ತ್ರಿಯ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಯಾರಿಗೂ ಕಾಣದಂತೆ ನಾನೂ ಸ್ವಲ್ಪ.

ಮೇಸ್ತ್ರಿ ಅಳಿಯನ ಹೆಗಲ ಮೇಲೆ ಕೈ ಇಟ್ಟರು. "ಹೇಳಿದ್ದು ಒಳ್ಳೇದಾಯ್ತು. ಆದ್ರೆ ಇಲ್ಲಿನ ಎಂಟು ಚೇರನ್ನೂ ಕಿತ್ತಿದ್ದೀನಿ ಅಂತ ಒಳಗೇ ಹೇಳ್ಬಾರದಿತ್ತೇನೋ? ನನ್ನ ಹೆಂಡ್ತಿ ಇಲ್ಲಿ ಕೂತಿದ್ಲು."

ಅಳಿಯ ಕಣ್ಣರಳಿಸಿದ. "ಇಲ್ಲ ಮಾವ. ನಾನು ಕಿತ್ತದ್ದು ಮುಂಬಾಗಿಲಿಂದು. ಹನ್ನೆರಡೂ ಒಳಗಿವೆಯಲ್ಲ. ಈ ಸಜ್ಜಾ ನಾನು ಮುಟ್ಟೇ ಇಲ್ಲ."

ಅತ್ತಿಗೆ ಆಗಲೇ ಏಣಿ ಹತ್ತಿದ್ದರು. ಚಕ್ಕೆ ಉದುರಿದ ಮೂಲೆಯಲ್ಲಿ ಕಂಬಿಯೊಂದು ಹೊರಗೆ ಕಾಣುತ್ತಿತ್ತು. ಅದಕ್ಕೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಇಲ್ಲಿ ತಂತಿ ತುಂಡಾಗಿಲ್ಲ," ಎಂದರು. "ಬಿಚ್ಚಿದ್ದಾರೆ. ಸುರುಳಿ ಹಾಗೇ ಇದೆ. ಕೊಕ್ಕೆ ಹಾಕಿ, ಉಲ್ಟಾ ತಿರುವಿ, ನಿಧಾನವಾಗಿ."

ಎಲ್ಲರ ಕಣ್ಣೂ ಮೇಸ್ತ್ರಿಯ ಸೊಂಟಕ್ಕೆ ಹೋಯಿತು. ಗುತ್ತಿಗೆದಾರರ ತುಟಿ ಅರಳಿತು. ಹಿರಿಯರ ಕೈ ಮತ್ತೆ ಪೆನ್ನಿನ ಜೇಬಿನ ಹತ್ತಿರ ಹೋಯಿತು.

ಮೇಸ್ತ್ರಿ ಕೊಕ್ಕೆಯನ್ನು ತೆಗೆದು ಅಂಗೈಯಲ್ಲಿಟ್ಟು ನೋಡಿದರು. ಹಿಡಿಯ ಬಣ್ಣ ಇನ್ನೂ ಮಾಸಿರಲಿಲ್ಲ.

"ಇದು ಹೊಸದು ಅಮ್ಮ," ಎಂದರು ನಿಧಾನವಾಗಿ. "ಕಾಂಕ್ರೀಟ್ ಹಾಕೋ ಹಿಂದಿನ ದಿನ ಸಂಜೆ ಹುಡುಕಿದ್ನಲ್ಲ, ಆ ಹಳೇ ಕೊಕ್ಕೆ ಇವತ್ತಿಗೂ ಸಿಕ್ಕಿಲ್ಲ. ಎಲ್ಲೋ ಇಟ್ಟು ಮರೆತೆ ಅಂದ್ಕೊಂಡಿದ್ದೆ."

ಅತ್ತಿಗೆ ಏಣಿಯ ಮೇಲಿನಿಂದಲೇ ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದರು.

"ನೀವು ಮರೆತಿರಲಿಲ್ಲ ಮೇಸ್ತ್ರಿ," ಎಂದರು. "ಆ ರಾತ್ರಿ ಅದು ಇನ್ಯಾರದೋ ಕೈಲಿತ್ತು."